ಹೂಂ

ಪುಣೆಯ ಸಾತಾರಾ ರಸ್ತೆ, ಮೂರನೇ ಮಹಡಿ.
ಪ್ರಶ್ನೆಯೊಂದಕ್ಕೆ ಹನ್ನೊಂದು ರೂಪಾಯಿಯ ಲೆಕ್ಕದಲ್ಲಿ
ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸುತ್ತೇನೆ.
ಕೆಳಗೊಂದು ಬೇಕರಿ; ಸಂಜೆ ನಾಲ್ಕಕ್ಕೆ
ಖಾರಿಯ ಘಮ ಮೆಟ್ಟಿಲು ಹತ್ತಿ ಬಂದು
ವಾಕ್ಯದ ನಡುವೆ ಅಲ್ಪವಿರಾಮ ಹಾಕುತ್ತದೆ.

ನಮ್ಮ ಮೇಲಿನವರು ಕೇಳ್ಕರ್.
ಹೆಸರಿನಲ್ಲೇ ಕೇಳುವ ಕಸುಬಿದೆಯಲ್ಲ ಸರ್
ಎಂದು ಸೇರಿದ ವಾರ ನಗೆಯಾಡಿದ್ದೆ.
ಮರಾಠಿಯಲ್ಲಿ ಕೇಳ ಅಂದರೆ ಬಾಳೆಹಣ್ಣು, ಅಂದರು.
ನಗಲಿಲ್ಲ.

ಈ ಸಲ ಕಟ್ಟಡ ಕೂಲಿಗಳ ಸಮೀಕ್ಷೆ.
ಮೊಬೈಲಿಗೊಂದು ಲಿಂಕು, ಹನ್ನೆರಡು ಪ್ರಶ್ನೆ, ಎರಡೇ ನಿಮಿಷ.
ಲಿಂಕು ಗುರುವಾರವೇ ಹೊರಟುಹೋಯಿತು,
ಅನುಮಾನ ನನ್ನ ಬಳಿ ಉಳಿಯಿತು.
ಭಾನುವಾರ ಹಿಂಜವಡಿಯಾಚೆ
ತಗಡಿನ ಮನೆಗಳ ಸಾಲು ಹುಡುಕಿಕೊಂಡು ಹೋದೆ.
ಇಂಡಿ ಕಡೆಯ ನಿಂಬೆವ್ವ, ಅಂಗೈಯ ಜೋಳದ ಹಿಟ್ಟು
ತೊಳೆಯದೆಯೇ ಕೂತಳು: "ಕೇಳ್ರಿ."

ವಯಸ್ಸು: ಇಪ್ಪತ್ತೈದರಿಂದ ಮೂವತ್ತೈದು,
ಮೂವತ್ತೈದರಿಂದ ನಲವತ್ತೈದು.
"ಆಧಾರದಾಗ ಮೂವತ್ತೈದು ಅಂತ ಐತ್ರಿ.
ಎರಡೂ ಮನ್ಯಾಗ ನಾನಽ ಅದೀನಲ್ಲ?"

ನೀರು ಮತ್ತು ಶೌಚಾಲಯದ ವ್ಯವಸ್ಥೆ ತೃಪ್ತಿ ತಂದಿದೆಯೇ?
ಹೌದು. ಇಲ್ಲ.
"ನೀರು ಬರ್ತಾವ. ಇನ್ನೊಂದು ಇಲ್ಲಽ ಇಲ್ಲ.
ಒಂದಽ ಬಟ್ಟಿಲೆ ಎರಡಕ್ಕ ಹ್ಯಾಂಗ ಒತ್ತಲಿ?"

ಕಳೆದ ಆರು ತಿಂಗಳಲ್ಲಿ ಎಷ್ಟು ದಿನ ರಜೆ ಪಡೆದಿರಿ?
ಅವಳು ಯೋಚಿಸಿದಳು. ಬಾಗಿಲ ಕೋಳಿಯನ್ನು ಹುಶ್ ಅಂದಳು.
"ಕೆಲಸಕ್ಕ ಕರೀದ ದಿನಾನೂ ಸೂಟೀನರಿ?"
ಅದಕ್ಕೆ ಪಟ್ಟಿಯಲ್ಲಿ ಮನೆಯಿರಲಿಲ್ಲ.
'ಇತರೆ' ಅನ್ನುವ ಜಗಲಿಯೂ ಇರಲಿಲ್ಲ.

ಕೊನೆಯದರಲ್ಲಿ ನನ್ನ ಕೈಚಳಕವಿತ್ತು.
ಗುತ್ತಿಗೆದಾರರು ಕೂಲಿಯನ್ನು ವಾರವಾರ ಕೊಡುತ್ತಾರೆ ತಾನೇ?
ಮೂಲದಲ್ಲಿ 'ಕೊಡುತ್ತಾರೆಯೇ' ಅಷ್ಟೇ.
ಒಣಗಿದ ಹಾಗೆ ಕಂಡಿತು ಅಂತ, ಮನೆಯವರು ಕೇಳಿದಂತಿರಲಿ ಅಂತ,
'ತಾನೇ' ಸೇರಿಸಿದವಳು ನಾನು.
ಎರಡೇ ಅಕ್ಷರ.
ತಕ್ಕಡಿಯ ತಟ್ಟೆಯಡಿ ಯಾರಿಗೂ ಕಾಣದಂತೆ
ಅಂಟಿಸಿಟ್ಟ ಹುಣಸೆಹಣ್ಣು.

ನಿಂಬೆವ್ವ ಅಂದಳು, "ಹೂಂ."
ನಾನು 'ಹೌದು' ಒತ್ತಿದೆ.
ಹಸಿರು ಗೆರೆ ತಿರುಗಿ, ಧನ್ಯವಾದಗಳು ಎಂದು ತೆರೆ ಬೆಳಗಿತು.
"ಹೂಂ," ಅಂದಳು ಮತ್ತೆ, "ಮುಂದ ಹೇಳ್ರಿ?"

ನನ್ನ ಮಾತು ಮುಗಿದಿಲ್ಲವೆಂದು ಕಾಯುತ್ತಿದ್ದಳು.
ಕಥೆ ಕೇಳುವವರು ಅನ್ನುವ ಹೂಂ ಅದು,
ಕತ್ತಲಲ್ಲಿ ಎಚ್ಚರವಿದ್ದೇನೆ ಎಂದು ತಿಳಿಸುವ ಹೂಂ.
ಹಿಂದಕ್ಕೆ ಹೋಗುವ ಗುಂಡಿ ಹುಡುಕಿದೆ. ನಾವೇ ಇಟ್ಟಿರಲಿಲ್ಲ,
ಜನ ಮನಸ್ಸು ಬದಲಿಸಿದರೆ ಲೆಕ್ಕ ಕೆಡುತ್ತದೆ ಅಂತ.

ನಾನು ಮುಂದೆ ಹೇಳದ್ದರಿಂದ ಅವಳೇ ಹೇಳಿದಳು.
ಯುಗಾದಿಯಿಂದ ಹಿಡಿದಿಟ್ಟ ರೊಕ್ಕ,
ಕೇಳಲು ಹೋದ ಮೈದುನನ ಮುರಿದ ಹಲ್ಲು,
ಇಡೀ ಸಾಲಿಗೆ ಇದ್ದ ಒಂದು ದೊಡ್ಡ ಫೋನು
ಮುಕಾದಮನ ಮಗನ ಕೈಯಲ್ಲಿ:
"ಮೊನ್ನೆ ನಲವತ್ತು ಮಂದೀದೂ ಅವನಽ ಒತ್ತಿದ,
ನಮಗ ತ್ರಾಸು ಬ್ಯಾಡ ಅಂತ."
ನಾನು ಹೂಂ ಅಂದೆ. ಹೂಂ ಅಂದೆ.
ರೊಟ್ಟಿ ಬಡಿಯಲು ಅವಳು ಏಳುವ ತನಕ
ನನ್ನ ಹೂಂಗಳನ್ನು ಯಾರೂ ಎಣಿಸಲಿಲ್ಲ.

ಸೋಮವಾರ ಗೋಡೆಯ ಮೇಲೆ ದುಂಡನೆಯ ಚಿತ್ರ.
ಕೂಲಿ ಸಕಾಲಕ್ಕೆ ಸಿಗುತ್ತದೆ: ಶೇಕಡ ತೊಂಬತ್ತೊಂದು.
ಕೇಳ್ಕರ್ ಸಾಹೇಬರಿಗೆ ವಿವರಿಸಲು ಹೋದೆ:
ಕನ್ನಡದಲ್ಲಿ ಕೇಳುವುದು ಅಂದರೆ ಎರಡು ಸರ್,
ಬಾಯಿಂದ ಒಂದು, ಕಿವಿಯಿಂದ ಒಂದು...
"ಎರಡನೆಯದಕ್ಕೂ ಹನ್ನೊಂದು ರೂಪಾಯಿಯೇ?"
ಎಂದವರು ಮೊದಲ ಸಲ ನಕ್ಕರು.

ರಾತ್ರಿ ಚಹಾ ಸೋಸುತ್ತ ರಘೋತ್ತಮ ಕೇಳಿದ,
"ಸಕ್ಕರೆ ಸಾಕು ತಾನೇ?"
ಹೂಂ ಅಂದೆ.
ಸಾಕಾಗಿರಲಿಲ್ಲ.